ಬಾಗಿಲು ಮೇಡಂ ಹೆಸರಿನಲ್ಲಿ

ಮಾರ್ಚ್ 4

ಪ್ರೀತಿಯ ಸಿಡುಕಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಹೂಂ", "ಸರಿ", "ಇಡ್ಲಾ" ಅಂತ ಮುಗಿಸಿಬಿಡುತ್ತೀಯ. ಕಾಗದವಾದರೆ ನಾನು ಹೇಳಿ ಮುಗಿಸುವ ತನಕ ನನ್ನ ಬಾಯಿ ಮುಚ್ಚಿಸಲು ನಿನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮ ತೀರಿಕೊಂಡ ದಿನ ನೀನು ಬಂದೆ, ಅಂದೇ ಸಂಜೆಯ ರೈಲಿಗೆ ಹೊರಟೆ. ಪರರ ಮನೆಗೆ ಕೆಲಸಕ್ಕೆ ಹೋಗುವವರಿಗೆಂದು ಅಕ್ಕ ನಡೆಸುತ್ತಿದ್ದ ತರಗತಿಯನ್ನು ಈಗ ನಾನೇ ನಡೆಸುತ್ತಿದ್ದೇನೆ ಅನ್ನುವುದಾದರೂ ನಿನಗೆ ಗೊತ್ತೋ ಇಲ್ಲವೋ. ಅದೇ ಟೈಲರ್ ಅಂಗಡಿಯ ಮೇಲಿನ ಕೋಣೆ. ಕೆಳಗೆ ಹೊಲಿಗೆ ಮೆಷಿನ್ನಿನ ಸದ್ದು, ಮೇಲೆ ನನ್ನ ಗಂಟಲು. ಕೋಣೆಯ ನಡುವೆ ಆ ಬಾಗಿಲು ಹಾಗೇ ನಿಂತಿದೆ, ಸುತ್ತ ಗೋಡೆಯಿಲ್ಲದೆ, ಚೌಕಟ್ಟು, ಅಗುಳಿ, ಚಿಲಕದ ಸಮೇತ. ಹೊಸಬರು ಬಂದ ಕೂಡಲೇ ಅದನ್ನು ನೋಡಿ ನಗುತ್ತಾರೆ. ಆಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ನಾನು ಮನೆಯೊಡತಿಯ ವೇಷ ಹಾಕಿ, ಟೀ ಕೊಟ್ಟು, ಸೊಂಟನೋವಿನಿಂದ ಹಿಡಿದು ಪಕ್ಕದ ಮನೆಯವರ ನಾಯಿಯ ತನಕ ಎಲ್ಲ ಮಾತಾಡಿ, "ಯಾವಾಗ ಬೇಡ ಅನ್ಸುತ್ತೋ ಆವಾಗ ಎದ್ದು ಆ ಬಾಗಿಲಲ್ಲಿ ಹೋಗಿ, ಕಾರಣ ಮಾತ್ರ ಹೇಳ್ಬೇಡಿ" ಅಂದರೆ ನಗು ನಿಂತುಹೋಗುತ್ತದೆ. ಮೊನ್ನೆ ಫ್ರಿಜ್ ರಿಪೇರಿಯವನೊಬ್ಬ ಬಂದಿದ್ದ, ಆಳು ಬಾಗಿಲಷ್ಟೇ ಎತ್ತರ. ಟೀ ಲೋಟ ಹಿಡಿದುಕೊಂಡು ಬೆವತುಹೋದ. ಕೊನೆಗೆ "ಮೇಡಂ, ಹೆಂಡ್ತಿ ಫೋನ್ ಬಂತು" ಅಂದ. ಅಕ್ಕ ಹೇಳುತ್ತಿದ್ದದ್ದನ್ನೇ ನಾನೂ ಹೇಳಿದೆ: "ಸುಳ್ಳು ಕಾರಣಾನೂ ಕಾರಣಾನೇ. ವಾಪಸ್ ಕೂತ್ಕೊಳಿ."

ವಿಷಯಕ್ಕೆ ಬರುತ್ತೇನೆ. ನೀನು ಕೆಲಸ ಮಾಡುವ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಇಲ್ಲಿಗೆ ಬಂದಿದ್ದ. ಮನೆಮನೆಗೆ ನರ್ಸುಗಳು, ಮೆಕ್ಯಾನಿಕ್ಕುಗಳು, ನಿನ್ನಂಥ ಫಿಸಿಯೋಥೆರಪಿಯವರನ್ನು ಕಳಿಸುವ ಕಂಪನಿಯಲ್ಲವೇ, ಸುರಕ್ಷತೆಯ ತರಬೇತಿ ಬೇಕೇ ಬೇಕಂತೆ. ನಮ್ಮೂರಿನಲ್ಲೇ ಹೊಸ ತರಬೇತಿ ಕೇಂದ್ರ ಕಟ್ಟಿಸಿದ್ದಾರೆ. ಅದಕ್ಕೆ ಅಕ್ಕನ ಹೆಸರು ಇಡುತ್ತಾರಂತೆ, ಗೋಡೆಗೆ ಅಕ್ಕನ ಫೋಟೋ ಹಾಕುತ್ತಾರಂತೆ. ಮಾತೆಲ್ಲ ಬೆಣ್ಣೆ. ನಾನು ಅವನಿಗೆ ಬೆಣ್ಣೆ ಸಾಹೇಬ ಅಂತಲೇ ಹೆಸರಿಟ್ಟಿದ್ದೇನೆ. "ಮೇಡಂ ಶಾಂತಮೂರ್ತಿ ಆಗಿದ್ರಂತೆ" ಅಂದ. ನನಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು. ತರಕಾರಿಯವನಿಂದ ಬ್ಯಾಂಕಿನ ಗುಮಾಸ್ತನ ತನಕ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಿದ್ದ ನನ್ನ ಅಕ್ಕ ಶಾಂತಮೂರ್ತಿ!

ಅವರು ಅಚ್ಚು ಹಾಕಿಸುವ ಪುಸ್ತಕದಲ್ಲಿ "ಮೇಡಂ ಅವರ ಜೀವನದ ಒಂದು ಅಹಿತಕರ ಪ್ರಸಂಗ" ಅಂತ ಒಂದು ಸಾಲಿದೆ. ಅಹಿತಕರವಂತೆ. ನೀರಿನ ಮೀಟರ್ ಓದಲು ಹೋದವಳನ್ನು ಒಳಗೆ ಕರೆದು, ಬೀಗ ಹಾಕಿ, ಕೀಲಿಕೈ ಜೇಬಿಗಿಳಿಸಿದವನ ಮನೆಯಿಂದ ಅಡುಗೆಮನೆಯ ಕಿಟಕಿ ಹಾರಿ, ಮೊಣಕೈ ಸೀಳಿಕೊಂಡು, ಹಲ್ಲು ಮುರಿದುಕೊಂಡು ಬಂದಳು ಅಕ್ಕ. ಮರುದಿನ ಮೇಲಧಿಕಾರಿ ಕೇಳಿದ್ದು ಒಂದೇ ಮಾತು: "ರೀಡಿಂಗ್ ತಗೊಳ್ದೆ ಯಾಕೆ ಬಂದ್ರಿ?" ಅಕ್ಕ ಚೀಲವನ್ನು ಅವನ ಮೇಜಿನ ಮೇಲೆ ಎಸೆದು ಹೊರಟುಬಂದಳು. ಈ ತರಗತಿ ಹುಟ್ಟಿದ್ದು ಆ ಮನೆಯಲ್ಲಲ್ಲ, ಆ ಮೇಜಿನ ಮುಂದೆ. ಊರಿನವರು ಅವಳನ್ನು ಬಾಗಿಲು ಮೇಡಂ ಅಂದರು, ಅವಳು ಅದನ್ನೇ ಬಿರುದು ಮಾಡಿಕೊಂಡಳು.

ಹೆಸರು ಬಳಸಲು ನಿನ್ನ ಒಪ್ಪಿಗೆ ಬೇಕಂತೆ, ಮಗಳು ನೀನೇ ಅಲ್ಲವೇ. ತಂಗಿಯ ಸಹಿ ನಡೆಯುವುದಿಲ್ಲವಂತೆ. ಅವಸರಪಡಬೇಡ. ಅಲ್ಲಿ ಏನು ಕಲಿಸುತ್ತಾರೆ ಅಂತ ಮೊದಲು ಕೇಳು. ಕಾರಣ ಹೇಳದೆ ಎದ್ದು ಬರುವ ಹಕ್ಕು ಅದರಲ್ಲಿ ಇದೆಯಾ ಅಂತ ಕೇಳು.

ಗಂಟಲು ಕಟ್ಟಿರುವ,
ಚಿಕ್ಕಮ್ಮ


ಮಾರ್ಚ್ 19

ಚಿಕ್ಕಮ್ಮನಿಗೆ,

ಸಹಿ ಹಾಕಿ ಕಳಿಸಿಯಾಯಿತು. ನಿನ್ನ ಕಾಗದ ಬರುವ ಮೊದಲೇ ಕಳಿಸಿದ್ದೆ. ಬಂದ ಮೇಲಾಗಿದ್ದರೂ ಕಳಿಸುತ್ತಿದ್ದೆ, ಆದ್ದರಿಂದ ಅಂಚೆಯವರನ್ನು ಬೈಯಬೇಡ.

ಅಮ್ಮ ಊರಿನವಳು. ಊರಿನ ನರ್ಸುಗಳಿಗೆ, ಗ್ಯಾಸ್ ರಿಪೇರಿಯವರಿಗೆ, ಪಾರ್ಸೆಲ್ ಹಂಚುವವರಿಗೆ ಅವಳು ಬೇಕಾಗಿದ್ದಳು, ಸಿಕ್ಕಳು. ನನಗೆ ಸಿಕ್ಕಿದ್ದು ಊಟದ ಮಧ್ಯೆ "ಕಣ್ಣು ಮುಚ್ಚು, ಈ ಕೋಣೆಗೆ ಎಷ್ಟು ಬಾಗಿಲು ಹೇಳು" ಅನ್ನುವ ಮೇಡಂ. ಗೆಳತಿಯ ಮನೆಗೆ ಹೋಗಿ ಬಂದರೂ ಅಲ್ಲಿನ ಚಿಲಕ ಎಂಥದು ಅಂತ ವರದಿ ಒಪ್ಪಿಸಬೇಕಿತ್ತು.

ನಾನು ಪೆಟ್ಟಿಗೆ ಹಿಡಿದು ಮನೆ ಬಿಟ್ಟ ದಿನ ಅವಳು ಹಜಾರದಲ್ಲಿ ಬಟ್ಟೆ ಮಡಿಸುತ್ತಿದ್ದಳು. "ಹೋಗ್ತೀನಿ" ಅಂದೆ. "ಸರಿ" ಅಂದಳು. ಯಾಕೆ ಅಂತ ಕೇಳಲಿಲ್ಲ. ಆಮೇಲೆ ಇಷ್ಟು ವರ್ಷ ಫೋನಿನಲ್ಲೂ ಕೇಳಲಿಲ್ಲ. ಊಟ ಆಯ್ತಾ, ಮನೆ ಬೀಗ ಗಟ್ಟಿ ಇದ್ಯಾ, ಅಷ್ಟೇ. ಬೀಗದ ವಿಷಯ ಕೇಳುವವಳಿಗೆ ಮಗಳ ವಿಷಯ ಕೇಳಲು ಬಾಯಿ ಬರಲಿಲ್ಲ. ಈಗ ಅವಳ ನೆನಪನ್ನು ಕಾಪಾಡು ಅಂದರೆ ಎಲ್ಲಿಂದ ತರಲಿ?

ಕಂಪನಿಯವರು ನನ್ನನ್ನು ಚೆನ್ನಾಗಿಯೇ ನಡೆಸಿಕೊಳ್ಳುತ್ತಿದ್ದಾರೆ. ಹೆಸರು ಅವರಿಗೆ ಬೇಕಿದ್ದರೆ ಇಟ್ಟುಕೊಳ್ಳಲಿ. ಉದ್ಘಾಟನೆಗೆ ಬರುವುದಿಲ್ಲ. ನಿನ್ನ ಗಂಟಲಿಗೆ ಬಿಸಿನೀರು ಕುಡಿ.

ಸಿಡುಕಿಯೇ ಸರಿ,
ನಿನ್ನ ಅಕ್ಕನ ಮಗಳು


ಏಪ್ರಿಲ್ 27

ಸಿಡುಕಿಗೆ,

ನಿನ್ನ ಕಾಗದ ಓದಿ ಇಷ್ಟು ದಿನ ಸುಮ್ಮನಿದ್ದೆ. ಆಗಲೇ ಬರೆದಿದ್ದರೆ ಬಾಯಿಗೆ ಬಂದ ಹಾಗೆ ಬೈದಿರುತ್ತಿದ್ದೆ. ಈಗಲೂ ಬೈಯುತ್ತೇನೆ, ಸ್ವಲ್ಪ ಹದ ಮಾಡಿ.

ಉದ್ಘಾಟನೆಗೆ ಹೋಗಿದ್ದೆ. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ, ಪಕ್ಕದಲ್ಲಿ ನಿನ್ನದು ಖಾಲಿ. ಗಾಜಿನ ಬಾಗಿಲು, ಕಾಲಿಗೆ ಮೆತ್ತಗಿನ ನೆಲಹಾಸು, ಹಲ್ಲು ಕಟಕಟಿಸುವಷ್ಟು ಏಸಿ. ಪರದೆ ಸರಿಸಿದರು. ಫೋಟೋದಲ್ಲಿ ಅಕ್ಕನ ಮುರಿದ ಹಲ್ಲು ನೆಟ್ಟಗಾಗಿದೆ, ಹುಬ್ಬಿನ ಗಂಟು ಮಾಯವಾಗಿದೆ, ಟೂತ್‌ಪೇಸ್ಟ್ ಜಾಹೀರಾತಿನವಳ ಹಾಗೆ ನಗುತ್ತಿದ್ದಾಳೆ. ಖಾಲಿ ಕುರ್ಚಿ ಕಂಡು ನನ್ನ ಪಕ್ಕ ಬಂದು ಕೂತಿದ್ದ ಲಿಫ್ಟ್ ಮೆಕ್ಯಾನಿಕ್, ಅಕ್ಕನ ಮೊದಲ ತಂಡದಲ್ಲಿ ಕಲಿತವನು, "ಇದ್ಯಾರಮ್ಮ?" ಅಂತ ನಿಜವಾಗಿಯೇ ಕೇಳಿದ.

ತರಬೇತಿ ಅಂದರೆ ಒಂದು ವಿಡಿಯೋ. ಕೂತು ನೋಡುವುದು, ಕೊನೆಯಲ್ಲಿ ಬಟನ್ ಒತ್ತುವುದು, ಮುಗಿಯಿತು. ಯಾರೂ ಎದ್ದು ಹೋಗುವ ಅಭ್ಯಾಸ ಮಾಡಬೇಕಿಲ್ಲ. ಎಲ್ಲರ ಕೈಗೆ "ಮೇಡಂ ಮಾರ್ಗ" ಅನ್ನುವ ಪುಟ್ಟ ಪುಸ್ತಕ ಕೊಟ್ಟರು. ಅದರ ಒಂದು ನಿಯಮವನ್ನು ನಿನಗೆಂದು ನಕಲು ಮಾಡಿದ್ದೇನೆ: "ಸೇವೆ ಮುಗಿಯುವ ಮುನ್ನ ಗ್ರಾಹಕರ ಮನೆಯಿಂದ ಹೊರಬರಬೇಕಾದಲ್ಲಿ ಕಂಟ್ರೋಲ್ ರೂಮಿಗೆ ಕಾರಣ ತಿಳಿಸಿ ಅನುಮತಿ ಪಡೆಯತಕ್ಕದ್ದು." ಇದು ಅಕ್ಕನ ಹೆಸರಿನ ಕೆಳಗೆ! ಕೀಲಿಕೈ ಒಬ್ಬನ ಜೇಬಿನಲ್ಲಿರುವಾಗ ಇವಳು ಫೋನ್ ಹಚ್ಚಿ, ಕಾರಣ ಒಪ್ಪಿಸಿ, ಅನುಮತಿಗೆ ಕಾಯುತ್ತ ನಿಲ್ಲಬೇಕಂತೆ. ಅವಳ ಮೇಲಧಿಕಾರಿಯ ಮಾತನ್ನೇ ಅವಳ ಬಾಯಿಗೆ ತುರುಕಿದ್ದಾರೆ. ನನ್ನ ಮೈ ಉರಿದುಹೋಯಿತು.

ಬೆಣ್ಣೆ ಸಾಹೇಬ ಮೈಕಿನಲ್ಲಿ "ಮೇಡಂ ಕನಸು ಇವತ್ತು ನನಸಾಯ್ತು" ಅನ್ನುತ್ತಿದ್ದಾಗ ನಾನು ಎದ್ದೆ. ಅವನ ಮುಂದೆಯೇ ಹಾದು ಹೊರಗೆ ನಡೆದೆ. ಹಿಂದೆಯೇ ಲಿಫ್ಟ್ ಮೆಕ್ಯಾನಿಕ್. ಹಿಂದಿನ ಸಾಲಿನಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿಬಿಟ್ಟರು. ನಮ್ಮ ತರಗತಿಯಲ್ಲಿ ಯಾರು ಕಾರಣ ಹೇಳದೆ ಹೊರಗೆ ಹೋದರೂ ಉಳಿದವರು ಚಪ್ಪಾಳೆ ಹೊಡೆಯಬೇಕು ತಾನೆ, ಅದೇ ಅಭ್ಯಾಸಬಲ. ಸಾಹೇಬ ಅದು ತನ್ನ ಭಾಷಣಕ್ಕೆ ಅಂದುಕೊಂಡು ತಲೆಬಾಗಿದನಂತೆ.

ಇನ್ನು ನಿನ್ನ ಮಾತು. ಅಕ್ಕ ನಿನ್ನನ್ನು ಕೇಳಲಿಲ್ಲ, ನಿಜ. ಅವಳ ಪರವಾಗಿ ವಕಾಲತ್ತು ಹಾಕುವುದಿಲ್ಲ. ಹೊರಟವರನ್ನು ಯಾಕೆ ಅಂತ ಕೇಳಬಾರದು ಎಂದು ಊರಿಗೆಲ್ಲ ಹೇಳಿ ಹೇಳಿ, ಹೆತ್ತ ಮಗಳನ್ನೂ ಊರಿನ ಸಾಲಿಗೇ ಸೇರಿಸಿದಳು. ನಾನೇ ಜಗಳ ಆಡಿದ್ದೆ. "ಕೇಳೇ, ಒಂದು ಸಲ ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಅಂದರೆ "ಹೋಗೋದು ಅವಳ ಹಕ್ಕು ಕಣೆ" ಅನ್ನುತ್ತಿದ್ದಳು. ಅಷ್ಟು ಹೇಳಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಇದನ್ನು ನೀನು ಏನೆಂದು ಬೇಕಾದರೂ ತಿಳಿದುಕೊ. ನಾನು ದಡ್ಡತನ ಅಂತ ತಿಳಿದಿದ್ದೇನೆ.

ಬೈಯುವುದು ಇನ್ನೂ ಬಾಕಿ ಇರುವ,
ಚಿಕ್ಕಮ್ಮ


ಜುಲೈ 2

ಚಿಕ್ಕಮ್ಮ,

ನಿನ್ನ ಕಾಗದಕ್ಕೆ ಉತ್ತರ ಕೊಡಬಾರದು ಅಂತಲೇ ಇದ್ದೆ. ಈಗ ಬರೆಯದೆ ಇರಲು ಆಗುತ್ತಿಲ್ಲ.

ಹೋದ ವಾರ ಒಂದು ಮನೆಗೆ ಹೋಗಿದ್ದೆ. ವಯಸ್ಸಾದ ಹೆಂಗಸು, ಮಂಡಿ ಆಪರೇಷನ್ ಆಗಿದೆ. ಮೊದಲಿನಿಂದಲೂ ನಾನೇ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. ಅವತ್ತು ಮಗ ಬಾಗಿಲು ತೆಗೆದು "ಅಮ್ಮ ಒಳಗೆ ಮಲಗಿದ್ದಾರೆ, ಬನ್ನಿ" ಅಂದ. ಹಜಾರದಲ್ಲಿ ಚೀಲ ಇಟ್ಟೆ. ಆಕೆಯ ಊರುಗೋಲು ಯಾವಾಗಲೂ ಬಾಗಿಲ ಪಕ್ಕ ಒರಗಿರುತ್ತದೆ, ಇರಲಿಲ್ಲ. ಚಪ್ಪಲಿಯೂ ಇರಲಿಲ್ಲ. ಆಕೆ ಮನೆಯಲ್ಲಿಲ್ಲ ಅಂತ ಗೊತ್ತಾಯಿತು. ಅಷ್ಟರಲ್ಲಿ ನನ್ನ ಹಿಂದೆ ಅಗುಳಿ ಸರಿದ ಸದ್ದು. "ಟೀ ಮಾಡ್ತೀನಿ, ಅವಸರ ಏನು" ಅಂದ, ನಗುತ್ತಲೇ.

ನಾನು ಚೀಲ ಎತ್ತಿಕೊಂಡೆ. ಅವನ ಪಕ್ಕದಲ್ಲೇ ಹಾದು, ಅಗುಳಿ ತೆಗೆದು, ಹೊರಗೆ ಬಂದೆ. ಒಂದು ಮಾತೂ ಆಡಲಿಲ್ಲ. "ಏನಾಯ್ತ್ರೀ, ಏನಾಯ್ತು?" ಅಂತ ಅವನು ಮೆಟ್ಟಿಲ ತನಕ ಕೂಗಿಕೊಂಡು ಬಂದ. ಬೀದಿಗಿಳಿದು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಏನೂ ಆಗಲಿಲ್ಲ, ಚಿಕ್ಕಮ್ಮ. ಏನಾದರೂ ಆಗುವ ಮುಂಚೆ ಬಂದೆ, ಅದಕ್ಕೇ ಏನೂ ಆಗಲಿಲ್ಲ.

ಅವನು ಕಂಪನಿಗೆ ದೂರು ಕೊಟ್ಟ. ಸೇವೆ ಅರ್ಧಕ್ಕೇ ಬಿಟ್ಟು ಹೋದರು, ಮರ್ಯಾದೆ ಇಲ್ಲ, ಅಂತ. ಮೇಲ್ವಿಚಾರಕಿ ಕರೆಸಿದಳು. ಒಳ್ಳೆಯ ಹೆಂಗಸೇ, ನನಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. "ಅಗುಳಿ ಹಾಕಿದ" ಅಂದೆ.

"ಮನೆ ಅಂದ್ಮೇಲೆ ಎಲ್ರೂ ಅಗುಳಿ ಹಾಕ್ತಾರೆ. ಮೈ ಮುಟ್ಟಿದ್ನಾ?"

"ಇಲ್ಲ."

"ಕೆಟ್ಟ ಮಾತೇನಾದ್ರೂ?"

"ಇಲ್ಲ."

"ಮತ್ತೆ ಯಾಕೆ ಬಂದ್ರಿ?"

ಕೆನ್ನೆಗೆ ಹೊಡೆದ ಹಾಗಾಯಿತು. ಅಮ್ಮ ಯಾಕೆ ಕಾರಣ ಕೊಡಬೇಡಿ ಅನ್ನುತ್ತಿದ್ದಳು ಅಂತ ಮೊದಲ ಸಲ ತಿಳಿಯಿತು. ಕೊಟ್ಟ ಕೂಡಲೇ ಅದು ಸಣ್ಣದಾಗಿಬಿಡುತ್ತದೆ.

ನಿನ್ನೆ ನೋಟಿಸು ಬಂತು. "ಮೇಡಂ ಮಾರ್ಗದ ನಿಯಮ ಉಲ್ಲಂಘನೆ." ಕಾಗದದ ತಲೆಯ ಮೇಲೆ ಅಮ್ಮನ ಫೋಟೋ, ಆ ನೆಟ್ಟನೆಯ ಹಲ್ಲಿನದು. ಅವಳ ಹೆಸರಿನಲ್ಲಿ ಬಂದ ಮೊದಲ ನೋಟಿಸು ನನಗೇ. ಹೆಸರನ್ನು ಅವರ ಕೈಗೆ ಕೊಟ್ಟವಳೂ ನಾನೇ. ಸಿಟ್ಟು ಬರುತ್ತಿದೆ, ಅವರ ಮೇಲೆ, ನನ್ನ ಮೇಲೆ, ಅವಳ ಮೇಲೆ. ಯಾರಿಗೆ ಎಷ್ಟು ಅಂತ ಇನ್ನೂ ಹಂಚಿಲ್ಲ.

ಬೈಯಬೇಕಿದ್ದರೆ ಈಗ ಬೈ,
ನಾನು


ಜುಲೈ 15

ಮಾನ್ಯರೇ,

ವಿಷಯ: ತಮ್ಮಿಂದ ಲಿಖಿತ ವಿವರಣೆ ಕೋರುವ ಕುರಿತು.

ತಾವು ಪೂಜ್ಯ ಮೇಡಂ ಅವರ ಸುಪುತ್ರಿ ಎಂಬುದು ನಮ್ಮ ಸಂಸ್ಥೆಗೆ ಹೆಮ್ಮೆಯ ಸಂಗತಿ. ಆದ್ದರಿಂದಲೇ ತಮ್ಮ ನಡೆ ಇತರ ಸಿಬ್ಬಂದಿಗೆ ಮಾದರಿಯಾಗಿರಬೇಕೆಂಬುದು ನಮ್ಮ ನಿರೀಕ್ಷೆ. ಗ್ರಾಹಕರ ಮನೆಯಲ್ಲಿ ಯಾವುದೇ ಅನುಚಿತ ಘಟನೆ ನಡೆದಿಲ್ಲವೆಂದು ತಾವೇ ಮೌಖಿಕವಾಗಿ ಒಪ್ಪಿರುತ್ತೀರಿ. ಹೀಗಿದ್ದೂ ಅನುಮತಿಯಿಲ್ಲದೆ ಹೊರಬಂದ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ವಿಚಾರಣೆ ಅನಿವಾರ್ಯ.

ಆದರೂ ಮೇಡಂ ಅವರ ಮೇಲಿನ ಗೌರವದಿಂದ ಒಂದು ಸಲಹೆ. ಅಂದು ತಮಗೆ ಆರೋಗ್ಯ ಸರಿಯಿರಲಿಲ್ಲವೆಂದು ಒಂದು ಸಾಲು ಬರೆದುಕೊಟ್ಟಲ್ಲಿ ವಿಷಯವನ್ನು ಇಲ್ಲಿಗೇ ಮುಕ್ತಾಯಗೊಳಿಸಬಹುದು. ಗ್ರಾಹಕರಿಗೂ ಸಮಾಧಾನ, ತಮಗೂ ನೆಮ್ಮದಿ.

ತಮ್ಮ ಹಿತ ಬಯಸುವ,
ಮುಖ್ಯಸ್ಥರು, ಸಿಬ್ಬಂದಿ ವಿಭಾಗ


ಜುಲೈ 24

ನನ್ನ ಸಿಡುಕಿ,

ನೀನು ಕಳಿಸಿದ ನಕಲನ್ನು ಓದಿದೆ. ಬೆಣ್ಣೆ ಸಾಹೇಬನ ಬೆಣ್ಣೆ ಎಷ್ಟು ನುಣುಪು ನೋಡು, ಕಾಲಿಟ್ಟರೆ ಜಾರಿ ಬೀಳಬೇಕು. ಆ ಕಾಗದವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಕು ಅಂತ ಕೈ ತುರಿಸಿತು. ನಿನ್ನನ್ನು ಕೇಳದೆ ಓದಬಾರದು ಅಂತ ಮಡಿಸಿ ಇಟ್ಟಿದ್ದೇನೆ.

ಆರೋಗ್ಯ ಸರಿ ಇರಲಿಲ್ಲ ಅಂತ ಬರೆದುಕೊಡು ಅಂತಾನೆ. ನಾಳೆ ಇನ್ನೊಬ್ಬ ಹುಡುಗಿ ಎದ್ದು ಬಂದರೆ "ನಿನಗೂ ತಲೆನೋವಾ?" ಅಂತ ಕೇಳುವುದಕ್ಕೆ. ಬರೆಯಬೇಡ ಅನ್ನಲು ನನ್ನ ನಾಲಿಗೆ ತುದಿಗೆ ಬಂದಿದೆ. ಆದರೆ ಬಾಡಿಗೆ ಕಟ್ಟುವವಳು ನೀನು, ಒಬ್ಬಳೇ ಇರುವವಳು ನೀನು. ದೂರದಲ್ಲಿ ಕೂತು ಶೂರತನ ತೋರಿಸುವುದು ನನಗೇನು ಕಷ್ಟ? ಬರೆದುಕೊಟ್ಟರೂ ನೀನು ನನ್ನ ಸಿಡುಕಿಯೇ. ಅದರಲ್ಲಿ ಬದಲಾವಣೆ ಇಲ್ಲ.

ಇನ್ನೊಂದು ಮಾತು. ಅವರಿಗೆ ನೀನು ಹೇಳಬೇಕಾಗಿಲ್ಲ. ನನಗೆ ಹೇಳು. ಆ ಮನೆಯ ವಿಷಯವಲ್ಲ, ನಮ್ಮ ಮನೆಯ ವಿಷಯ. ಯಾಕೆ ಹೋದೆ? ಅಕ್ಕ ಕೇಳಲಿಲ್ಲ, ಅವಳ ನಿಯಮ ಅವಳೊಂದಿಗೆ ಹೋಯಿತು. ಪರರ ಮನೆಯಿಂದ ಎದ್ದು ಬಂದವರನ್ನು ಯಾರೂ ಕೇಳಬಾರದು, ಅದಕ್ಕೆ ನಾನೂ ಸಾಯುವ ತನಕ ಬದ್ಧಳು. ನಮ್ಮ ಮನೆಯಿಂದ ನಮ್ಮ ಮಗು ಎದ್ದು ಹೋದರೆ ಕೇಳಲೇಬೇಕಿತ್ತು. ನಾನಾದರೂ ಕೇಳಬಹುದಿತ್ತು, ಅಕ್ಕನಿಗೆ ಹೆದರಿದೆ. ಈಗ ಹೆದರಲು ಯಾರೂ ಉಳಿದಿಲ್ಲ. ಯಾಕೆ ಹೋದೆ, ಪುಟ್ಟಾ?

ಕಾಯುತ್ತಿರುವ,
ಚಿಕ್ಕಮ್ಮ


ಆಗಸ್ಟ್ 5

ಸಿಬ್ಬಂದಿ ವಿಭಾಗದ ಮುಖ್ಯಸ್ಥರಿಗೆ,

ಕಾರಣ ಕೇಳಿದ್ದೀರಿ. ಕೊಡುವುದಿಲ್ಲ.

ಕಾರಣ ಇಲ್ಲವೆಂದಲ್ಲ. ಕೊಟ್ಟರೆ ನೀವು ಅದನ್ನು ತಕ್ಕಡಿಗೆ ಹಾಕುತ್ತೀರಿ. ಅಗುಳಿ ಸಾಲದು, ಕೈ ಮುಟ್ಟಿರಬೇಕು ಅನ್ನುತ್ತೀರಿ. ಮುಟ್ಟಿದ್ದು ಸಾಲದು, ಗಾಯವಾಗಿರಬೇಕು ಅನ್ನುತ್ತೀರಿ. ನಿಮ್ಮ ತಕ್ಕಡಿ ಬಾಗುವಷ್ಟು ಭಾರವಾಗುವ ಹೊತ್ತಿಗೆ ನಮಗೆ ಎದ್ದು ಬರಲು ಶಕ್ತಿ ಉಳಿದಿರುವುದಿಲ್ಲ. ಮೇಲ್ವಿಚಾರಕಿಯವರಿಗೆ ಒಮ್ಮೆ ಹೇಳಿ ನೋಡಿದೆ, ಆ ತಪ್ಪನ್ನು ಮತ್ತೆ ಮಾಡುವುದಿಲ್ಲ.

ನಿಮ್ಮ ಸಲಹೆಗೆ ಉತ್ತರ: ನನ್ನ ಆರೋಗ್ಯ ಚೆನ್ನಾಗಿದೆ. ಅಂದೂ ಚೆನ್ನಾಗಿತ್ತು. ಅದು ಹಾಗೇ ಇರಲಿ ಅಂತಲೇ ಎದ್ದು ಬಂದೆ.

ಮಾರ್ಚ್ ತಿಂಗಳಲ್ಲಿ ನನ್ನ ತಾಯಿಯ ಹೆಸರು ಬಳಸಲು ಒಪ್ಪಿಗೆ ಕೊಟ್ಟಿದ್ದೆ. ಅದನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಅವರು ಶಾಂತಮೂರ್ತಿ ಅಲ್ಲ. ಮುಂಗೋಪಿ, ಹಟಮಾರಿ, ಒಮ್ಮೊಮ್ಮೆ ಸಹಿಸಲು ಆಗದ ಹೆಂಗಸು. ಅವರಿಗೆ ಒಂದು ಹಲ್ಲು ಮುರಿದಿತ್ತು, ಅದನ್ನು ಅವರು ಕಟ್ಟಿಸಿಕೊಳ್ಳಲಿಲ್ಲ. ಫೋಟೋ ಇಳಿಸಿ. ಪುಸ್ತಕಕ್ಕೆ ನಿಮ್ಮ ಹೆಸರನ್ನೇ ಇಡಿ, ನಿಯಮ ನಿಮ್ಮದೇ ಆಗಿರುವುದರಿಂದ ಅದೇ ಒಪ್ಪುತ್ತದೆ.

ವಿಚಾರಣೆಗೆ ಬರುತ್ತೇನೆ. ನನ್ನದೇ ಕಾಲಿನಲ್ಲಿ ಬಂದು, ನನ್ನದೇ ಕಾಲಿನಲ್ಲಿ ಹೋಗುತ್ತೇನೆ.

ಬಾಗಿಲು ಮೇಡಂ ಮಗಳು


ಆಗಸ್ಟ್ 30

ಚಿಕ್ಕಮ್ಮ,

ಕೆಲಸ ಹೋಯಿತು. ಹೆಸರು ವಾಪಸ್ ಬಂತು.

ವಿಚಾರಣೆ ಅಂದರೆ ಉದ್ದನೆಯ ಮೇಜು, ಆ ಕಡೆ ಬೆಣ್ಣೆ ಸಾಹೇಬ ಮತ್ತು ಇಬ್ಬರು, ಈ ಕಡೆ ನಾನು. "ಒಂದೇ ಒಂದು ಸಾಲಮ್ಮ, ಬರ್ದುಬಿಡಿ" ಅಂತ ಕಾಗದ, ಪೆನ್ನು ನನ್ನ ಮುಂದೆ ಸರಿಸಿದರು. ಸರಿಸಿದ್ದನ್ನು ವಾಪಸ್ ಸರಿಸಿದೆ. ಸಾಹೇಬರ ಬೆಣ್ಣೆ ಮೊದಲ ಸಲ ಕರಗಿತು. "ನಿಮ್ಮಮ್ಮ ಇದ್ದಿದ್ರೆ ನಿಮ್ಗೆ ಬುದ್ಧಿ ಹೇಳ್ತಿದ್ರು" ಅಂದರು. "ಅಮ್ಮ ಇದ್ದಿದ್ರೆ ಈ ಮೇಜು ಇಷ್ಟು ಹೊತ್ತು ನೆಟ್ಟಗೆ ನಿಂತಿರ್ತಿರ್ಲಿಲ್ಲ" ಅಂದೆ. ಪಕ್ಕದಲ್ಲಿದ್ದ ಹೆಂಗಸು ಕೆಮ್ಮಿದಳು, ನಗು ಬಂದಿರಬೇಕು. ಆಮೇಲೆ ತಮ್ಮತಮ್ಮಲ್ಲೇ ಪಿಸುಗುಟ್ಟಿ, ವಿವಾದ ಬೇಡ, ಹೆಸರು ಮತ್ತು ಫೋಟೋ ತೆಗೆಯುತ್ತೇವೆ ಅಂದರು. ನಿಯಮ ಇರುತ್ತದಂತೆ. ನಾನು ಇರುವುದಿಲ್ಲವಂತೆ. ನಿಯಮವನ್ನು ಬದಲಾಯಿಸಲು ನನ್ನಿಂದ ಆಗಲಿಲ್ಲ, ಆದರೆ ಅವಳ ಹೆಸರಿನ ಮರೆಯಲ್ಲಿ ನಿಂತು ಅದನ್ನು ಹೇಳಲು ಅವರಿಗೆ ಇನ್ನು ಆಗುವುದಿಲ್ಲ.

ಹೊರಗೆ ಬಂದರೆ ಓಣಿಯಲ್ಲಿ ಕೆಲವು ನರ್ಸುಗಳು, ಏಸಿ ರಿಪೇರಿಯ ಒಬ್ಬರು. ಬೆಳಗಿನ ನಮಸ್ಕಾರ ಬಿಟ್ಟರೆ ಅವರೊಂದಿಗೆ ನಾನು ಮಾತಾಡಿದವಳೇ ಅಲ್ಲ. ಒಬ್ಬಳು ಕೇಳಿದಳು, "ಅದೇನೋ ಎದ್ದು ಹೋಗೋದನ್ನ ಕಲಿಸ್ತಾರಂತಲ್ಲ, ನಮಗೂ ಕಲಿಸ್ತೀರಾ?" ಒಂದು ಕೋಣೆ ನೋಡಿದ್ದೇನೆ, ಸೈಕಲ್ ಅಂಗಡಿಯ ಹಿಂದುಗಡೆ. ಬಡಗಿಗೆ ಬಾಗಿಲು ಹೇಳಿದ್ದೇನೆ. "ಗೋಡೆ ಎಲ್ಲಿ?" ಅಂತ ಅವನು ಕೇಳುತ್ತಲೇ ಇದ್ದಾನೆ.

ಈಗ ನಿನ್ನ ಪ್ರಶ್ನೆ. ಓದಿ ಇಷ್ಟು ದಿನ ಕಾಗದವನ್ನು ದಿಂಬಿನ ಕೆಳಗೆ ಇಟ್ಟಿದ್ದೆ. ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ನನ್ನ ಮೊದಲ ಕೆಲಸದ ದಿನಗಳು. ಒಬ್ಬನ ಮನೆಗೆ ಹೋಗಿದ್ದೆ, ಹೆಗಲು ನೋವಿನವನು. ಅವನು ನನ್ನ ಕೈ ಹಿಡಿದುಕೊಂಡು ಮಾತಾಡುತ್ತಲೇ ಇದ್ದ. ಬಾಗಿಲು ಹಾರು ಹೊಡೆದಿತ್ತು, ಎದುರಿಗೇ ಕಾಣುತ್ತಿತ್ತು. ನಾನು ಏಳಲಿಲ್ಲ. ನಗುತ್ತ ಕೂತೇ ಇದ್ದೆ, ಅವನು ಸಾಕು ಅನ್ನುವ ತನಕ. ಬಾಗಿಲು ಮೇಡಂ ಮಗಳು! ಸಂಜೆ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಎಲ್ಲ ಹೇಳಿದೆ. ಅವಳು ತಲೆ ಸವರಿದಳು. ನನಗೆ ಅಷ್ಟೇ ಬೇಕಾಗಿತ್ತು.

ಮರುದಿನ ತರಗತಿಯಲ್ಲಿ ಅವಳು ಶುರು ಮಾಡಿದಳು. "ನನಗೆ ಗೊತ್ತಿರೋ ಒಂದು ಹುಡುಗಿ. ಬಾಗಿಲು ತೆರೆದೇ ಇತ್ತು. ಎದ್ದು ಬರಲಿಲ್ಲ. ಯಾಕೆ?" ಹೆಸರು ಹೇಳಲಿಲ್ಲ. ಎಲ್ಲರೂ ತಲೆಯಾಡಿಸುತ್ತ ಕೇಳುತ್ತಿದ್ದರು, ಒಬ್ಬಳು "ಅಯ್ಯೋ, ದಡ್ಡಿ" ಅಂದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಎದ್ದೆ. ಆ ಬಾಗಿಲಲ್ಲೇ ನುಗ್ಗಿ, ಮೆಟ್ಟಿಲಿಳಿದು ಬೀದಿಗೆ ಬಂದೆ. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ನಾನು ಅಭ್ಯಾಸ ಮಾಡಿ ತೋರಿಸುತ್ತಿದ್ದೇನೆ ಅಂದುಕೊಂಡಿರಿ ನೀವೆಲ್ಲ. ಅಮ್ಮನೂ ಹೊಡೆದಳು. ಟೀ ತಟ್ಟೆ ಕೆಳಗಿಟ್ಟು ನೀನೂ ಹೊಡೆದೆ, ಬಾಗಿಲು ದಾಟುವಾಗ ನಾನೇ ತಿರುಗಿ ನೋಡಿದ್ದೆ. ಆ ವಾರ ಕಳೆದ ಮೇಲೆ ಪೆಟ್ಟಿಗೆ ಕಟ್ಟಿದೆ.

ಅವಳ ಹೆಸರಿಗಾಗಿ ಕೆಲಸ ಬಿಟ್ಟಿದ್ದೇನೆ ಅಂದ ಮಾತ್ರಕ್ಕೆ ಅವಳನ್ನು ಕ್ಷಮಿಸಿದ್ದೇನೆ ಅಂತಲ್ಲ. ಎರಡೂ ನಿಜ, ಎರಡನ್ನೂ ಹೊತ್ತುಕೊಂಡೇ ಕಲಿಸುತ್ತೇನೆ. ಮೊದಲ ತರಗತಿ ಬರುವ ಭಾನುವಾರ. ಮನೆಯೊಡತಿಯ ವೇಷಕ್ಕೆ ನಿನ್ನನ್ನು ಬಿಟ್ಟರೆ ಯಾರಿದ್ದಾರೆ, ರೈಲು ಹತ್ತಿ ಬಾ. ಬರುವ ಮುಂಚೆ ಒಂದು ಷರತ್ತು ಕೇಳಿಸಿಕೊ.

ಇಲ್ಲಿ ಯಾರಾದರೂ ಎದ್ದು ಹೋದರೆ ಯಾಕೆ ಅಂತ ಕೇಳುವ ಹಾಗಿಲ್ಲ, ಅದು ಅಮ್ಮನದು, ಅದನ್ನು ಮುಟ್ಟುವುದಿಲ್ಲ. ಆದರೆ ಚಪ್ಪಾಳೆ ಬೇಡ. ಒಬ್ಬರು ಎದ್ದು ಅವರ ಹಿಂದೆ ಹೋಗಬೇಕು, ಬೀದಿಯ ತನಕ. ಅವತ್ತು ಟೈಲರ್ ಅಂಗಡಿಯ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ, ಚಿಕ್ಕಮ್ಮ.

ನಿನ್ನ,
ಸಿಡುಕಿ